ಕೀತ್ ಅವರ ಶೆಲ್ಫಿನ ಯುದ್ಧನೌಕೆಗಳು

ಉಪಕಾರದ ವಿಷಯದಲ್ಲಿ ನನಗೊಂದು ದುರ್ಗುಣವಿದೆ. ಕೇಳಿದಷ್ಟನ್ನು ಮಾಡಿ ಸುಮ್ಮನಿರಲು ಬರುವುದಿಲ್ಲ. ಉಪ್ಪು ತಂದುಕೊಡಿ ಎಂದರೆ ಉಪ್ಪಿನ ಡಬ್ಬಿಯನ್ನೂ ತೊಳೆದು, ಒದ್ದೆ ಡಬ್ಬಿಗೇ ಉಪ್ಪು ಸುರಿಯುವ ಜಾತಿ ನಾನು.

ಇಂಗ್ಲಿಷರ ನಾಡಿನ ಹೆಡಿಂಗ್ಲೀಯಲ್ಲಿ ನಮ್ಮ ಪಕ್ಕದ ಮನೆಯವರು ಕೀತ್. ಬಸ್ಸು ಓಡಿಸಿ ನಿವೃತ್ತರಾದವರು, ಒಬ್ಬರೇ ಇದ್ದಾರೆ, ಮಾತು ಕಡಿಮೆ. ನಾವು ಬಂದ ಮೊದಲ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಕೈಕೊಟ್ಟಾಗ ಕೇಳದೆಯೇ ಹೀಟರ್ ತಂದಿಟ್ಟು ಹೋದವರು. ಈಚೆಗೆ ಮಂಡಿ ಆಪರೇಷನ್ ಆಗಿ ಎರಡು ವಾರ ಮಗಳ ಮನೆಯಲ್ಲಿರಬೇಕಾಯಿತು. ನನ್ನ ಕೈಗೆ ಕೀಲಿ ಕೊಟ್ಟು, "ಬಾಗಿಲಲ್ಲಿ ಬಿದ್ದ ಟಪಾಲನ್ನು ಎತ್ತಿ ಮೇಜಿನ ಮೇಲಿಡಿ, ಅಷ್ಟು ಸಾಕು" ಎಂದರು.

ಅಷ್ಟು ಸಾಕಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅವರು ಮರಳುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಡುಮನೆಯ ಶೆಲ್ಫಿನ ಮೇಲೆ ದೂಳು ಕಂಡಿತು. ಅಲ್ಲಿದ್ದದ್ದು ಮಿಡ್‌ವೇ ಯುದ್ಧ: ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ನರು ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳನ್ನು ಮುಳುಗಿಸಿದ ಕದನ. ಕೀತ್ ಕೈಯಾರೆ ಜೋಡಿಸಿದ ಎಂಟು ಪುಟ್ಟ ಮಾದರಿ ಜಪಾನೀ ಹಡಗುಗಳು, ಪ್ರತಿಯೊಂದರ ಪೀಠಕ್ಕೂ ಹೆಸರು ಬರೆದ ಚೀಟಿ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೋಂದು ನೆನೆದು ಎಂಟೂ ಚೀಟಿ ಉದುರಿ ಬೆರೆತುಹೋದವು; ಯಾವ ಹೆಸರು ಯಾವ ಹಡಗಿನದೆಂದು ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ವಿದ್ಯಾ ಜಿಪಿ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರು. ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವುದು ಅವಳ ದಿನದ ಕೆಲಸ. "ಫೋನ್ ಮಾಡಿ ಒಪ್ಪಿಕೊಂಡುಬಿಡಿ" ಎಂದಳು. ನನಗೆ ಧೈರ್ಯ ಬರಲಿಲ್ಲ. ಆ ಮನುಷ್ಯನ ವರ್ಷಗಟ್ಟಲೆಯ ಶ್ರಮ ಅದು. ಇನ್ನು ಮೇಲೆ ಬೇಲಿಯಾಚೆ ಅವರ ಮುಖ ನೋಡುವುದು ಹೇಗೆ?

ಇಬ್ಬರೂ ಲ್ಯಾಪ್‌ಟಾಪ್ ತೆರೆದು ಕೂತೆವು. ಜಪಾನೀಯರ ಹೆಸರಿಡುವ ಪದ್ಧತಿ ಸಿಕ್ಕಿತು. ದೊಡ್ಡ ಯುದ್ಧನೌಕೆಗೆ ಹಳೆಯ ಪ್ರಾಂತ್ಯದ ಹೆಸರು. ಅಲ್ಲಿಗೆ ಎಲ್ಲಕ್ಕಿಂತ ದಢೂತಿಯಾದದ್ದು 'ಯಮಾಟೊ'. ಡೆಸ್ಟ್ರಾಯರ್ ಎಂಬ ಚಿಕ್ಕ ಹಡಗುಗಳಿಗೆ ಗಾಳಿ, ಮಳೆ, ಮೋಡದ ಹೆಸರು. ಬಿರುಗಾಳಿ, ಕಣಿವೆಯ ಗಾಳಿ, ಕಡಲತೀರದ ಗಾಳಿ ಎಂಬ ಅರ್ಥದ ಮೂರು ಚೀಟಿ ಅವಕ್ಕೆ ಹೋದವು. ಕೊಲ್ಲಲು ಹೊರಟ ಹಡಗಿಗೆ ಇಷ್ಟು ಚಂದದ ಹೆಸರೇ ಎಂದು ಸ್ವಲ್ಪ ಹೊತ್ತು ಚೀಟಿಗಳನ್ನು ನೋಡುತ್ತ ಕೂತೆ. ವಿಮಾನವಾಹಕಕ್ಕೆ ಹಾರುವ ಜೀವಿಗಳ ಹೆಸರು. ನಮ್ಮಲ್ಲಿದ್ದ ಎರಡು ಡ್ರ್ಯಾಗನ್‌ಗಳು, 'ಹಿರ್ಯು' ಮತ್ತು 'ಸೋರ್ಯು', ಅಲ್ಲಿಗೆ ಸೇರಿದವು.

ಆದರೆ ವಿಮಾನವಾಹಕಗಳು ನಾಲ್ಕು. ಉಳಿದ ಚೀಟಿಗಳಲ್ಲಿ 'ಅಕಾಗಿ' ಒಂದು ಬೆಟ್ಟ, 'ಕಾಗಾ' ಒಂದು ಪ್ರಾಂತ್ಯ. ಎರಡೂ ಹಾರುವಂಥವಲ್ಲ. ವಿದ್ಯಾಳೇ ಕೊನೆಗೆ ಓದಿ ಹೇಳಿದಳು: "ಇವೆರಡನ್ನೂ ಬೇರೆ ಥರದ ಹಡಗು ಅಂತ ಕಟ್ಟೋಕೆ ಶುರುಮಾಡಿದ್ದಂತೆ ರೀ. ಮಧ್ಯದಲ್ಲಿ ವಿಮಾನವಾಹಕ ಮಾಡಿದರು, ಹೆಸರು ಹಾಗೇ ಉಳೀತು. ನೀವು ಸಿವಿಲ್ ಓದಿ ಸಾಫ್ಟ್‌ವೇರ್‌ಗೆ ಬಂದ ಹಾಗೆ."

ಬೆಟ್ಟವೂ ಪ್ರಾಂತ್ಯವೂ ದೊಡ್ಡ ಹಡಗುಗಳು, ಡ್ರ್ಯಾಗನ್‌ಗಳು ಚಿಕ್ಕವು. ಅಕಾಗಿ ಮತ್ತು ಹಿರ್ಯುಗೆ ಡೆಕ್ಕಿನ ಮೇಲಿನ ಗೋಪುರ ಎಡಗಡೆ, ಉಳಿದೆರಡಕ್ಕೆ ಬಲಗಡೆ. ಹಾಗೆ ನಾಲ್ಕೂ ಇತ್ಯರ್ಥವಾದವು. ಡೆಸ್ಟ್ರಾಯರ್‌ಗಳು ಮಾತ್ರ ತ್ರಿವಳಿಗಳಂತಿದ್ದವು. ಕಣ್ಣುಮುಚ್ಚಿ ಅಂಟಿಸಿದೆ.

ಭಾನುವಾರ ಕೀತ್ ಊರುಗೋಲು ಹಿಡಿದು ಬಂದರು. ಸೀದಾ ಶೆಲ್ಫಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಒಪ್ಪಿಕೊಂಡೆ. "ಡೆಸ್ಟ್ರಾಯರ್‌ಗಳು ತಪ್ಪಿರಬಹುದು" ಎಂದೆ.

"ಅವು ಮೂರೂ ಒಂದೇ ಅಚ್ಚಿನವು. ನಾನೂ ಮನಸ್ಸಿಗೆ ಬಂದ ಹಾಗೇ ಅಂಟಿಸಿದ್ದೆ" ಎಂದರು ಕೀತ್. ಆಮೇಲೆ ಮೆಲ್ಲಗೆ ನಕ್ಕು, "ಟೀ ಕುಡೀತೀರಾ?" ಎಂದು ಕೇಳಿದರು.

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಆ ನಿರಾಳದಲ್ಲಿ ನನ್ನ ನಾಲಿಗೆಯೂ ಸಡಿಲವಾಯಿತು. ಟೀ ಆರುವವರೆಗೂ ಪ್ರಾಂತ್ಯ, ಬೆಟ್ಟ, ಡ್ರ್ಯಾಗನ್ ಎಂದು ಆ ಹಡಗುಗಳನ್ನು ಕಟ್ಟಿದವರಿಗೇ ಪಾಠ ಮಾಡಿದೆ. ಕೀತ್ ತಲೆಯಾಡಿಸುತ್ತ ಪೂರ್ತಿ ಕೇಳಿದರು. ಕೊನೆಗೆ ಕಾಗಾವನ್ನು ಎತ್ತಿ ತಿರುವಿ ಹಿಡಿದರು. ಪೀಠದ ಅಡಿಯಲ್ಲಿ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಕಾಗಾ.