ಇಪ್ಪತ್ಮೂರು ಮಡಕೆಗಳ ಮಂಗಳಸ್ನಾನ

ಏಪ್ರಿಲ್ ಮುಗಿಯುವ ಹೊತ್ತಿಗೆ ಓಬಳರಾಜುವಿಗೆ ತನ್ನ ಮನೆಯಲ್ಲಿ ತಾನೊಬ್ಬ ನಿರುದ್ಯೋಗಿ ಎನ್ನುವುದು ಖಚಿತವಾಯಿತು. ವರ್ಷದ ಹತ್ತು ತಿಂಗಳು ಮಧುಗಿರಿಯ ಹೈಸ್ಕೂಲೊಂದರ ಮೈದಾನದಲ್ಲಿ ಹುಡುಗರನ್ನು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸುವ ಪಿ.ಟಿ. ಮೇಷ್ಟ್ರು ಅವನು. ಬೇಸಿಗೆ ರಜೆಯಲ್ಲಿ ಓಡಿಸಲು ಯಾರೂ ಸಿಗದೆ ತಾನೇ ಓಡಾಡುತ್ತಿದ್ದ: ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಮತ್ತೆ ನಡುಮನೆಗೆ. ಐವತ್ತೆರಡರ ದೇಹ ಕುರ್ಚಿಯಲ್ಲಿ ಕೂತರೂ ಮಂಡಿಗಳು ಕೂರುತ್ತಿರಲಿಲ್ಲ.

ಅಂಥದ್ದರಲ್ಲಿ ಡ್ರಾಯಿಂಗ್ ಟೀಚರಾದ ಹೆಂಡತಿ ಧನಲಕ್ಷ್ಮಿ ಹಿತ್ತಲಿನಲ್ಲಿ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ ಶುರುಮಾಡಿದಳು. ಬೆಳಿಗ್ಗೆ ಚಿತ್ರ, ಆಮೇಲೆ ಮಣ್ಣಿನ ಕೆಲಸ. ಇಪ್ಪತ್ಮೂರು ಮಕ್ಕಳು ಸೇರಿದರು. ತೋವಿನಕೆರೆ ಕಡೆಯ ಕುಂಬಾರ ದೊಡ್ಡರಂಗಯ್ಯ ಜೇಡಿಮಣ್ಣು, ಚಕ್ರ ಸಮೇತ ಬಂದ. ಇಷ್ಟೆಲ್ಲ ಸ್ವಂತ ಹಿತ್ತಲಿನಲ್ಲೇ ನಡೆಯುವಾಗ ಮನೆ ಯಜಮಾನನಿಗೊಂದು ಹುದ್ದೆ ಬೇಡವೆ?

ಕೇಳಿದರೆ ಕೊಡುವುದಿಲ್ಲವೆಂದು ಓಬಳರಾಜು ತಾನೇ ಸೃಷ್ಟಿಸಿಕೊಂಡ. ಮೊದಲ ದಿನ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಎರಡನೆಯ ದಿನ ಚಿತ್ರ ಬರೆಯುತ್ತಿದ್ದವರಿಗೆ ರಕ್ತಸಂಚಾರಕ್ಕೆಂದು ಕೈ ಮೇಲೆ, ಕೈ ಕೆಳಗೆ ಮಾಡಿಸಿದ. (ಕೈಗಳಲ್ಲಿ ಬಣ್ಣದ ಕುಂಚಗಳಿದ್ದವು. ಗೋಡೆಯನ್ನು ಈಗಲೂ ಹೋಗಿ ನೋಡಬಹುದು.) ಮೂರನೆಯ ದಿನ ಉಮ್ಮೆ ಹಾನಿ ಎಂಬ ಎಂಟು ವರ್ಷದ ಹುಡುಗಿ ಮಾಡಿದ್ದ ಹೂಜಿಯ ಕತ್ತು ವಾಲಿದೆಯೆಂದು ನೆಟ್ಟಗೆ ಮಾಡಲು ಹೋದ. ಕತ್ತು ಅವನ ಕೈಗೇ ಬಂತು.

"ಅದು ವಾಲಿರ್ಲಿಲ್ಲ ಅಂಕಲ್. ನಾನೇ ಹಂಗೆ ಮಾಡಿದ್ದು," ಎಂದಳು ಉಮ್ಮೆ ಹಾನಿ, ಸಿಟ್ಟಿಲ್ಲದೆ, ತೀರ್ಪು ಓದುವವರ ಹಾಗೆ.

ಅಂದಿನಿಂದ ಹಿತ್ತಲು ಅವನಿಗೆ ನಿಷೇಧಿತ ಪ್ರದೇಶವಾಯಿತು. ಅಡುಗೆಮನೆ ಕಿಟಕಿಯಿಂದ ನೋಡಬಹುದು, ಬಾಯಿ ಹಾಕುವಂತಿಲ್ಲ. ಹೀಗಾಗಿ ದೊಡ್ಡರಂಗಯ್ಯ ಮಕ್ಕಳಿಗೆ ಹೇಳಿಕೊಟ್ಟ ಮಡಕೆ ಶಾಸ್ತ್ರದಲ್ಲಿ ಒಂದಕ್ಷರವೂ ಅವನ ಕಿವಿಗೆ ಬೀಳಲಿಲ್ಲ. ಮುಂದೆ ನಡೆದ ಅನಾಹುತಕ್ಕೆ ಇದೇ ಕಾರಣವೆಂದು ಅವನ ವಾದ. (ಧನಲಕ್ಷ್ಮಿಯ ವಾದ ಬೇರೆ ಇದೆ. ಅದು ಉದ್ದವಾಗಿದೆ.)

ಒಂಬತ್ತನೆಯ ದಿನ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಧನಲಕ್ಷ್ಮಿ ಸ್ಕೂಟರ್ ಹತ್ತಿದಳು.

"ದೊಡ್ಡರಂಗಯ್ಯನ್ನೂ ಒಂದು ಲಗೇಜ್ ಆಟೋನೂ ಕರ್ಕೊಂಡು ನಾಲ್ಕು ಗಂಟೆಗೆ ಬರ್ತೀನಿ. ಮಡಕೆ ಸಾಗಿಸ್ಬೇಕು. ಭಾನುವಾರ ಪ್ರದರ್ಶನ. ಪ್ರತಿ ಮಗೂಗೂ ಅದರದೇ ಮಡಕೆ ಕೈಗೆ ಕೊಡ್ತೀನಿ ಅಂತ ಅಪ್ಪ ಅಮ್ಮಂದಿರಿಗೆಲ್ಲ ಮಾತು ಕೊಟ್ಟಿದೀನಿ."

"ಸರಿ. ನಾನೇನು ಮಾಡ್ಲಿ?"

"ಸುಮ್ನೆ ಕೂತಿರಿ."

"ಅದಾದ್ಮೇಲೆ?"

"ಅದಾದ್ಮೇಲೂ ಕೂತಿರಿ."

ಓಬಳರಾಜು ಹನ್ನೊಂದು ನಿಮಿಷ ಕೂತ. ಆಮೇಲೆ ಹಿತ್ತಲಿಗೆ ಹೋದ. ಜಗಲಿಯ ನೆರಳಿನಲ್ಲಿ ಇಪ್ಪತ್ಮೂರು ಮಡಕೆ ಕುಡಿಕೆಗಳು ಕೆಂಪಗೆ ಹೊಳೆಯುತ್ತ ಕೂತಿದ್ದವು. ಧಾರೆಗೆ ಹೊರಟ ಮದುಮಕ್ಕಳ ಹಾಗೆ. ನೋಡುತ್ತಿದ್ದಂತೆ ಅವನಿಗೆ ಹೊಳೆಯಿತು. ಇವಳು ಎಲ್ಲ ಮಾಡಿದಳು, ಮುಖ್ಯವಾದದ್ದನ್ನೇ ಮರೆತಳಲ್ಲ. ಹೊಸ ಮಡಕೆಯನ್ನು ನೆನೆಹಾಕದೆ ಯಾರಾದರೂ ಬಳಸುತ್ತಾರೆಯೆ? ಅವನ ತಾಯಿ ಪಟಾಲಮ್ಮ ಕೊರಟಗೆರೆ ಸಂತೆಯಿಂದ ಮಡಕೆ ತಂದರೆ ಮೊದಲು ತೊಟ್ಟಿಯಲ್ಲಿ ಮುಳುಗಿಸುತ್ತಿದ್ದಳು. ಗುಳುಗುಳು ಎಂದು ಗುಳ್ಳೆ ಬಿಟ್ಟು ನೀರು ಕುಡಿದು, ಒಂದು ದಿನ ನೆಂದ ಮೇಲೆಯೇ ಅದಕ್ಕೆ ಒಲೆ ಹತ್ತುವ ಯೋಗ್ಯತೆ. ನೆನೆಯದ ಮಡಕೆ ಬಿರುಕು ಬಿಡುವುದು ನಿಶ್ಚಯ. ನಾಳೆ ಇಪ್ಪತ್ಮೂರು ಮನೆಗಳಲ್ಲಿ ಇಪ್ಪತ್ಮೂರು ಮಡಕೆ ಬಿರುಕು ಬಿಟ್ಟರೆ ಧನಲಕ್ಷ್ಮಿಯ ಗತಿ?

ಕೊನೆಗೂ ಒಂದು ಹುದ್ದೆ ಸಿಕ್ಕಿತು. ಓಬಳರಾಜು ಸಿಮೆಂಟ್ ತೊಟ್ಟಿ ತುಂಬಿಸಿ, ಹಸುಗೂಸಿಗೆ ಎರೆಯುವಷ್ಟು ನಾಜೂಕಾಗಿ ಒಂದೊಂದನ್ನೇ ಇಳಿಸಿದ. ಗುಳ್ಳೆಗಳು ಬಂದವು. ತಾಯಿಯ ಮಡಕೆಗಳೂ ಇಷ್ಟು ಉತ್ಸಾಹದಿಂದ ಗುಳ್ಳೆ ಬಿಟ್ಟದ್ದನ್ನು ಅವನು ಕಂಡಿರಲಿಲ್ಲ. "ಕುಡೀರಪ್ಪ, ನಿಧಾನವಾಗಿ ಕುಡೀರಿ," ಎಂದ. ನೀರು ಕೆಂಪಗಾದಾಗ ಧೂಳು ಬಿಡುತ್ತಿದೆ ಎಂದುಕೊಂಡ. ಕಾಫಿ ಮಾಡಿಕೊಂಡು ಬಂದು, ಮಗ್ಗುಲು ತಿರುಗಿಸೋಣವೆಂದು ಕೈ ಹಾಕಿದ. ಕೈಗೆ ಏನೂ ಸಿಗಲಿಲ್ಲ. ಮೊಣಕೈವರೆಗೆ ಹಾಕಿದ. ಆಗ ಸಿಕ್ಕಿತು, ರಾಗಿಮುದ್ದೆಯಂಥದ್ದೊಂದು. ಮೇಲೆತ್ತುವಷ್ಟರಲ್ಲಿ ಅದೂ ಬೆರಳ ಸಂದಿಯಿಂದ ಜಾರಿತು.

ನಾಲ್ಕಕ್ಕೆ ಆಟೋ ಬಂತು. ಧನಲಕ್ಷ್ಮಿ ಖಾಲಿ ಜಗಲಿ ನೋಡಿದಳು.

"ಮಡಕೆ ಎಲ್ರೀ?"

"ನೆನೆಹಾಕಿದೀನಿ."

"ಏನಂದ್ರಿ?"

"ಹೊಸಾವು ಅಲ್ವಾ ಅಂತ."

"ಅವನ್ನಿನ್ನೂ ಸುಟ್ಟೇ ಇಲ್ಲ ಕಣ್ರೀ. ಸುಡಕ್ಕೆ ಒಯ್ಯಕ್ಕೇ ಆಟೋ ತಂದಿರೋದು."

"ಕೆಂಪಗಿದ್ವಲ್ಲೇ."

"ಮಕ್ಕಳು ಕೆಮ್ಮಣ್ಣು ಬಳಿದಿದ್ರು."

ಅವಳು ಬೈಯಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಕೆಂಪು ನೀರನ್ನೇ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಬೈಗುಳಕ್ಕೆ ಅವನು ಹೆದರಿದವನಲ್ಲ. ಇದಕ್ಕೆ ಹೆದರಿದ.

"ಆ ಮಕ್ಕಳಿಗೆ ಏನಂತ ಹೇಳ್ಲಿ," ಎಂದಳು ಮೆಲ್ಲಗೆ.

ದೊಡ್ಡರಂಗಯ್ಯ ತೊಟ್ಟಿಗೆ ಕೈ ಅದ್ದಿ, ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಅಳಬ್ಯಾಡ ಬುಡು ತಾಯಿ. ಸುಟ್ಟ ಮ್ಯಾಕೆ ಒಡ್ದಿದ್ರೆ ಕತೆ ಮುಗೀತಿತ್ತು. ಇದು ಹಸಿ ಮಣ್ಣು, ಎಲ್ಗೂ ಓಗಿಲ್ಲ. ನೀರು ಬಸ್ದು, ಬೂದಿ ಬೆರ್ಸಿ ತುಳುದ್ರೆ ತಿರ್ಗಾ ಮಡ್ಕೆ ಆಯ್ತದೆ. ಹತ್ತು ದಿನ ಮುಂದಕ್ ಆಕು. ಆದ್ರೆ ನಂಗೆ ಮಂಡಿನೋವು ಕಣಮ್ಮ. ತುಳಿಯೋರ್ಯಾರು?"

ಹಿತ್ತಲಿನಲ್ಲಿ ಒಟ್ಟು ಆರು ಕಾಲುಗಳಿದ್ದವು. ಎರಡು ನೋಯುತ್ತಿದ್ದವು. ಎರಡಕ್ಕೆ ಸಿಟ್ಟು ಬಂದಿತ್ತು. ಉಳಿದ ಎರಡರ ಕಡೆ ನಾಲ್ಕು ಕಣ್ಣುಗಳು ತಿರುಗಿದವು.

ಶಿಬಿರ ಹತ್ತು ದಿನ ಮುಂದುವರಿಯುತ್ತದೆಂದು ಕೇಳಿ ಮಕ್ಕಳು ಮಡಕೆ ಹೋದದ್ದನ್ನೇ ಮರೆತರು. ಮರುದಿನದಿಂದ ಓಬಳರಾಜು ಚಡ್ಡಿ ಹಾಕಿಕೊಂಡು ಮಣ್ಣಿನ ರಾಶಿಯ ಮೇಲೆ ಸುತ್ತು ಹೊಡೆಯತೊಡಗಿದ. ಮೇಲ್ವಿಚಾರಣೆಗೆ ಧನಲಕ್ಷ್ಮಿ ಉಮ್ಮೆ ಹಾನಿಯನ್ನು ನೇಮಿಸಿದಳು. ಪುಕ್ಕಟೆ ಕಾಲು ಸಿಕ್ಕಿತೆಂದು ದೊಡ್ಡರಂಗಯ್ಯ ಊರಿನಿಂದ ಇನ್ನೂ ಆರು ಚೀಲ ಮಣ್ಣು ತಂದು ಸುರಿದ.

ನಾಲ್ಕನೆಯ ದಿನ ಮೊಮ್ಮಗಳನ್ನು ಬಿಡಲು ಬಂದ ಉಮ್ಮೆ ಹಾನಿಯ ಅಜ್ಜಿ ಅಮೀರ್ ಬಿ ಬಹಳ ಹೊತ್ತು ಕಾಂಪೌಂಡಿನ ಹತ್ತಿರ ನಿಂತು ನೋಡಿದರು.

"ಈಗ ಮನೇಲಿ ಹೆಂಗಿರ್ತಾರೆ ಟೀಚರಮ್ಮ, ಸಾಹೇಬ್ರು?"

"ಏಳು ಗಂಟೆಗೇ ಮಲಗಿಬಿಡ್ತಾರೆ. ಯಾವುದನ್ನೂ ಮುಟ್ಟಲ್ಲ. ಒಂದು ಮಾತಿಲ್ಲ."

ಅಮೀರ್ ಬಿ ಸೆರಗು ಸರಿಮಾಡಿಕೊಂಡರು. "ಇನ್ನೊಬ್ರಿಗೆ ಜಾಗ ಐತಾ?"

ಮರುದಿನ ಬೆಳಿಗ್ಗೆ, ಅಂಗಡಿಯನ್ನು ಗಂಡುಮಕ್ಕಳಿಗೆ ಒಪ್ಪಿಸಿ ಆರು ತಿಂಗಳಿಂದ ಮನೆಯಲ್ಲಿದ್ದ ಅವರ ಯಜಮಾನರು ಕಲಂದರ್ ಸಾಹೇಬರು ಲುಂಗಿ ಎತ್ತಿ ಕಟ್ಟಿ ಮಣ್ಣಿಗಿಳಿದರು. ಇಬ್ಬರೂ ಎರಡು ಸುತ್ತು ತುಳಿದರು.

"ನಿಮ್ದೇನು ಸಾರ್?" ಎಂದರು ಕಲಂದರ್ ಸಾಹೇಬರು, ತಗ್ಗಿದ ದನಿಯಲ್ಲಿ.

"ಮಡಕೆ ನೆನೆಹಾಕಿದೆ. ನಿಮ್ದು?"

"ಗಾಳಿ ಆಡ್ಲಿ ಅಂತ ಫ್ರಿಜ್ಜಿನ ಹಿಂದ್ಗಡೆ ಬಿಚ್ಚಿದೆ."

"ಎಷ್ಟು ದಿನ?"

"ಬಕ್ರೀದ್ ಗಂಟ ಅಂದವ್ಳೆ."

"ಮಾತು ಸಾಕು ದಾದಾ," ಎಂದಳು ಉಮ್ಮೆ ಹಾನಿ ತನ್ನ ತಾತನಿಗೆ, ಕಟ್ಟೆಯ ಮೇಲಿಂದ. "ಇಬ್ರೂ ಮೂಲೇಲಿರೋದು ತುಳೀರಿ. ಅಲ್ಲಿನ್ನೂ ಗಂಟೈತೆ."