ದಾದರಿನಲ್ಲಿ ಮಾವನನ್ನು ಹುಡುಕಿದ್ದು

ಮುಂಬಯಿಯಲ್ಲಿ ಯಾರನ್ನು ಏನು ಕೇಳಿದರೂ ಉತ್ತರ ಸಿಗುತ್ತದೆ. ಗೊತ್ತಿಲ್ಲ ಎನ್ನುವುದು ಇಲ್ಲಿಯವರ ಮರ್ಯಾದೆಗೆ ಕಡಿಮೆ. ಭಾಂಡುಪಿಗೆ ದಾರಿ ಕೇಳಿ ಚೆಂಬೂರು ತಲುಪಿದವನು ನಾನು. ತಪ್ಪು ಹೇಳಿದವರದೇ ಎಂದು ನಂಬಿಕೊಂಡಿದ್ದೆ, ನಮ್ಮ ಮಾವ ದಾದರ್ ಸ್ಟೇಷನ್ನಿನಲ್ಲಿ ಕಾಣೆಯಾಗುವ ತನಕ.

ಮಾವ ಮೈಸೂರು ಬಿಟ್ಟು ಒಬ್ಬರೇ ಅಷ್ಟು ದೂರ ಹೊರಟದ್ದು ಅದೇ ಮೊದಲು. ಕಣ್ಣಿನ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನಾನೂ ಹೆಂಡತಿ ಸರೋಜಳೂ ಮುಲುಂಡಿನಿಂದ ಲೋಕಲ್ ಹಿಡಿದು ಬರುವಷ್ಟರಲ್ಲಿ ಬೆಂಗಳೂರಿನ ಗಾಡಿ ಬಂದು, ಜನರನ್ನು ಇಳಿಸಿ, ಹೊರಟೂ ಹೋಗಿತ್ತು. ಮಾವ ಎಲ್ಲೂ ಕಾಣಲಿಲ್ಲ.

ಎದುರು ಬಂದವರನ್ನೆಲ್ಲ ತಡೆದು, ಬಿಳಿ ಪಂಚೆ, ಕರಿ ಟೋಪಿ, ವಯಸ್ಸಾದವರು, ನೋಡಿದಿರಾ ಎಂದು ಕೇಳಿದೆ. ಒಬ್ಬ ಬ್ರಿಡ್ಜಿನತ್ತ ಕೈ ತೋರಿಸಿದ, ಇನ್ನೊಬ್ಬ ಕ್ಯಾಂಟೀನಿನತ್ತ. ಬ್ರಿಡ್ಜಿನ ಮೇಲಿದ್ದವರು ಯಾರೋ ಮರಾಠಿ ಅಜ್ಜ. ಹಿಂದಿನಿಂದ ಹೆಗಲು ಹಿಡಿದದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ. ವಿಚಾರಣೆಯ ಕಿಟಕಿಯಲ್ಲಿ ಗೋಗರೆದು, ಮೈಸೂರಿನ ರಾವ್ ಬರಬೇಕೆಂದು ಮೈಕಿನಲ್ಲಿ ಕೂಗಿಸಿದೆ. ಮೂವರು ರಾಯರು ಬಂದರು. ಅವರಲ್ಲೊಬ್ಬರು ನಮ್ಮ ದೂರದ ನೆಂಟರೆಂದೂ ತಿಳಿಯಿತು. ಮಾವ ಮಾತ್ರ ಬರಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ರೈಲು ಹಳಿ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲವೂ ಸಾಲಾಗಿ ಹಾದುಹೋಗಿದ್ದವು.

"ರೀ, ಪಂಚೆ ಟೋಪಿ ಅಂದ್ರೆ ಇಲ್ಲಿ ಸಾವಿರ ಜನ ಸಿಕ್ತಾರೆ," ಎಂದಳು ಸರೋಜ. "ಅಪ್ಪನ ಹತ್ರ ಮಾತ್ರ ಇರೋದನ್ನ ಕೇಳಿ. ಒರಳುಕಲ್ಲು ತರ್ತೀನಿ ಅಂದಿದ್ರಲ್ಲ."

ಮಿಕ್ಸಿಯ ಚಟ್ನಿಗೆ ರುಚಿಯಿಲ್ಲವೆಂದು ಅವಳು ಯಾವಾಗಲೋ ಗೊಣಗಿದ್ದಳಂತೆ. ಆ ಕಲ್ಲಿನ ಗುರುತು ಹೇಳಿ ಕೇಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹಮಾಲನೊಬ್ಬನ ಬಳಿ ಓಡಿ, ಹರಕು ಹಿಂದಿಯಲ್ಲಿ ಕಲ್ಲಿನ ವಿಷಯ ಕೇಳಿದೆ.

"ಪತ್ಥರ್‌ವಾಲೇ ಬಾಬಾ?" ಎಂದು ಅವನು ತಕ್ಷಣ ಪ್ಲಾಟ್‌ಫಾರ್ಮಿನ ಕೊನೆ ತೋರಿಸಿದ. ಆ ಕಲ್ಲನ್ನು ಹೊರಲು ಅಲ್ಲಿ ಯಾರೂ ಒಪ್ಪಿರಲಿಲ್ಲವಂತೆ.

ಮಾವ, ಗೋಣಿ ಸುತ್ತಿದ ಕಲ್ಲಿನ ಪಕ್ಕ ಟ್ರಂಕಿನ ಮೇಲೆ ಕೂತು ನೆಮ್ಮದಿಯಾಗಿ ಬಾಳೆಹಣ್ಣು ತಿನ್ನುತ್ತಿದ್ದರು. ಸರೋಜ ಅವರ ಕೈ ಹಿಡಿದು ಅಳತೊಡಗಿದಳು. ನಾನು ಏದುಸಿರು ಬಿಡುತ್ತ, ಅವರಿಗೆ ಭಯವಾಗಲಿಲ್ಲವೇ, ನಮ್ಮನ್ನು ಹುಡುಕಬೇಕೆನಿಸಲಿಲ್ಲವೇ ಎಂದು ಕೇಳಿದೆ.

"ನಾನ್ಯಾಕೆ ಹುಡುಕಲಿ, ಅಳಿಯಂದ್ರೆ?" ಎಂದರು. "ನಿಮ್ಮ ಸ್ವಭಾವ ನನಗೆ ಗೊತ್ತಿಲ್ವೆ? ಗಾಬರಿಯಾದ್ರೆ ಇಡೀ ಸ್ಟೇಷನ್ ಸುತ್ತದೆ ಬಿಡೋರಲ್ಲ ನೀವು. ಸುತ್ತಿ ಸುತ್ತಿ ಕೊನೆಗೆ ಇಲ್ಲಿಗೂ ಬರಲೇಬೇಕಲ್ಲ ಅಂತ ಕೂತಿದ್ದೆ."

ಒಂದು ಬಾಳೆಹಣ್ಣು ಸುಲಿದು ನನಗೂ ಕೊಟ್ಟರು. ಅದನ್ನು ತಿಂದು, ಒರಳುಕಲ್ಲನ್ನು ಎತ್ತಲು ಬಗ್ಗಿದೆ.