ಎರಡೂವರೆ ತಾಸಿನ ಗುವಾಹಟಿ

ದೂರ ಅಳೆಯುವ ಚಟ ಇರುವವರ ಜೊತೆ ಪ್ರಯಾಣ ಮಾಡಬಾರದು. ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ, ಏಕೆಂದರೆ ಆ ಚಟ ಇರುವುದು ನನಗೇ. ಮಸ್ಕಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು, ಯಾರಾದರೂ ಮುದಗಲ್ಲಿಗೆ ಮದುವೆಗೆ ಹೊರಟರೂ ಮೊಬೈಲಿನಲ್ಲಿ ನಕಾಶೆ ತೆರೆದು ದಾರಿ ಹೇಳದೆ ಬಿಡುವವನಲ್ಲ. ಅವರು ಕೇಳಿರಬೇಕೆಂಬ ನಿಯಮವೇನಿಲ್ಲ. ಆದರೆ ಈ ಸಲ ಕೇಳಿದವಳು ಲಿಂಗಸುಗೂರಿನ ನನ್ನ ಅಕ್ಕ ಗಂಗಮ್ಮ. ಅವಳ ಮಗಳು ಸುಜಾತಾ ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. “ಕೂಸು ಕಣ್ಣು ಬಿಡೋದ್ರೊಳಗ ನಾ ಅಲ್ಲಿರಬೇಕು. ಎಷ್ಟು ದೂರ ಐತೋ ತಮ್ಮಾ?” ಎಂದಳು. ನಾನು ಹೈದರಾಬಾದಿನಿಂದ ಗುವಾಹಟಿಗೆ ನೆಟ್ಟಗೆ ಗೆರೆ ಎಳೆದು ತೋರಿಸಿದೆ. “ಏನಿಲ್ಲಬೇ ಅಕ್ಕ, ಎರಡೂವರೆ ತಾಸು. ಅಷ್ಟೊತ್ತಿಗೆ ಸಿಂಧನೂರಿನ ಬಸ್ಸು ರಾಯಚೂರು ದಾಟಿದ್ರ ಪುಣ್ಯ.” ಅಕ್ಕ ಇದನ್ನು ಓಣಿಗೆಲ್ಲ ಸಾರಿದಳು. ಕೊನೆಗೆ ಅವಳ ಜೊತೆ ಹೋಗುವ ಹೊಣೆಯೂ ನನ್ನ ಹೆಗಲಿಗೇ ಬಿತ್ತು.

ಹಿಂದಿನ ದಿನವೇ ಸಿಂಧನೂರಿನಲ್ಲಿ ಬಸ್ಸು ಹತ್ತಿ ಹೈದರಾಬಾದು ಸೇರಿದೆವು. ಅಕ್ಕನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ. ಮೊದಲ ಸಲ ವಿಮಾನ ಹತ್ತಿದ ಅವಳು ಹೆದರಲೇ ಇಲ್ಲ. ಕಣ್ಣು ಮುಚ್ಚಿ ಕುಳಿತವನು ನಾನು. ವಿಮಾನ ಇಳಿದಿದ್ದೇ ತಡ, “ಬಂತು ನೋಡು, ನೀ ಶಾಣ್ಯಾ ಅದೀ” ಎಂದು ಎದ್ದು ನಿಂತಳು. ಬಂದದ್ದು ಕಲ್ಕತ್ತಾ. ಅಗ್ಗವೆಂದು ನಾನು ಕೊಂಡ ಟಿಕೆಟ್ಟಿನಲ್ಲಿ ಅಲ್ಲಿ ಇಳಿದು, ಮಧ್ಯಾಹ್ನವೆಲ್ಲ ಕಾದು, ಇನ್ನೊಂದು ವಿಮಾನ ಹಿಡಿಯಬೇಕೆಂದಿತ್ತು. ಗೆರೆ ಎಳೆಯುವ ಉತ್ಸಾಹದಲ್ಲಿ ಟಿಕೆಟ್ಟು ಓದುವುದು ಉಳಿದುಹೋಗಿತ್ತು.

“ನಿನ್ನ ಗೆರಿಯೊಳಗ ಕಲ್ಕತ್ತಾ ಇರಲಿಲ್ಲಲ್ಲೋ!” ಎಂದಳು ಅಕ್ಕ. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದೆ. ಅಷ್ಟರಲ್ಲಿ ಅಳಿಯನ ಫೋನು: ಹೆಣ್ಣು ಕೂಸು, ಇಬ್ಬರೂ ಆರಾಮ. ಅಕ್ಕ ಬಹಳ ಹೊತ್ತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇನ್ನು ಬೈಗುಳದ ಮಳೆಯೇ ಎಂದು ನಾನು ಸಿದ್ಧನಾದೆ. ಅವಳು ಬಾಣಂತಿಯ ಉಂಡಿಯೊಂದನ್ನು ಮುರಿದು ನನ್ನ ಬಾಯಿಗಿಟ್ಟಳು. “ಅಜ್ಜ ಆದಿ, ತಿನ್ನು. ಅಜ್ಜನ್ನ ಮಂದ್ಯಾಗ ಬೈದ್ರ ಚೆಂದ ಕಾಣಂಗಿಲ್ಲ.” ಆಮೇಲೆ ಪಕ್ಕದ ಬಂಗಾಳಿ ಸಂಸಾರಕ್ಕೂ ಹಂಚಿದಳು. ಅಕ್ಕನಿಗೆ ಮೊಮ್ಮಗಳು ಹುಟ್ಟಿದ್ದು ಭಾಷೆ ಬಾರದೆಯೇ ಅವರಿಗೆ ತಿಳಿಯಿತು.

ಸಂಜೆ ಗುವಾಹಟಿಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡ ಅಕ್ಕ ಕಲ್ಕತ್ತಾವನ್ನು ಮರೆತೇಬಿಟ್ಟಳು. ಮರುದಿನ ಕೂಸು ನೋಡಲು ಬಂದ ನೆರೆಮನೆಯ ಹಿರಿಯರು ನಮ್ಮದು ಯಾವ ಊರೆಂದು ಹಿಂದಿಯಲ್ಲಿ ಕೇಳಿದರು. ಮಸ್ಕಿ ಎಂದೆ. ರಾಯಚೂರು ಎಂದೆ. ತುಂಗಭದ್ರೆ, ಕೃಷ್ಣೆ ಎಲ್ಲ ಹರಿಸಿದೆ. ಅವರು ಮುಖ ಅರಳಿಸಿ, “ಓ, ಬೆಂಗಳೂರು!” ಎಂದರು. ನನಗೂ ಸಾಕಾಗಿತ್ತು, ಹೌದೆಂದು ತಲೆಯಾಡಿಸಿದೆ. ಮಸ್ಕಿಯಿಂದ ಬೆಂಗಳೂರಿಗೆ ಅಷ್ಟು ಬೇಗ ಇದುವರೆಗೆ ಯಾರೂ ಮುಟ್ಟಿರಲಿಕ್ಕಿಲ್ಲ.